ಮೂವರು ಮಕ್ಕಳು, ಮೂರು ಥರದ ಕಾಗದಪತ್ರ: ಗ್ಯಾಲ್ವೆಸ್ಟನ್‌ನಿಂದ ಕ್ರೂಸ್ ಹೊರಟಾಗ

ಕ್ರೂಸ್ ಬುಕ್ ಮಾಡುವಾಗ ಮಗನ ವಯಸ್ಸು 15 ಎಂದು ತುಂಬಿದೆ. ಅವತ್ತಿಗೆ ಅದು ಸರಿಯೇ. ಆದರೆ ಹಡಗು ವಾಪಸ್ ಬರುವ ದಿನಕ್ಕೆ ಅವನಿಗೆ 16 ತುಂಬಿ ಮೂರು ದಿನ ಆಗಿರುತ್ತದೆ ಅನ್ನುವುದು ನನಗೆ ಹೊಳೆಯಲೇ ಇಲ್ಲ. ಕಾಗದಪತ್ರದ ವಿಷಯದಲ್ಲಿ ಆ ಮೂರು ದಿನದಿಂದಲೇ ಎಲ್ಲ ಬದಲಾಯಿತು.

ನಾವು ಹೊರಟಿದ್ದು ಅಮೆರಿಕದ ಟೆಕ್ಸಸ್ ರಾಜ್ಯದ ಗ್ಯಾಲ್ವೆಸ್ಟನ್ ಬಂದರಿನಿಂದ, ಮಾರ್ಚ್ ರಜೆಯಲ್ಲಿ. ಐದು ರಾತ್ರಿಯ ಪ್ರಯಾಣ. ಮೆಕ್ಸಿಕೊದ ಕೊಜುಮೆಲ್ ಮತ್ತು ಪ್ರೊಗ್ರೆಸೊ ನೋಡಿ ಮತ್ತೆ ಗ್ಯಾಲ್ವೆಸ್ಟನ್‌ಗೆ. ಜೊತೆಗೆ ಮೂವರು ಮಕ್ಕಳು. ಮಗಳಿಗೆ 17, ಭಾರತದ ಪಾಸ್‌ಪೋರ್ಟ್, ಎಚ್-4 ವೀಸಾ (ಇಲ್ಲಿ ಕೆಲಸದ ವೀಸಾದಲ್ಲಿರುವವರ ಕುಟುಂಬಕ್ಕೆ ಕೊಡುವುದು). ಮಗ ಇಲ್ಲೇ ಹುಟ್ಟಿದವನು, ಅಮೆರಿಕದ ಪ್ರಜೆ. ಇನ್ನೊಬ್ಬಳು ನನ್ನ ಅಣ್ಣನ ಮಗಳು, 14 ವರ್ಷ, ಗ್ರೀನ್ ಕಾರ್ಡ್ ಇದೆ. ಅಣ್ಣ ಅತ್ತಿಗೆಗೆ ರಜೆ ಸಿಗಲಿಲ್ಲ, ಹಾಗಾಗಿ ನಮ್ಮ ಜೊತೆ ಬಂದಳು. ಇಲ್ಲಿರುವ ನಮ್ಮವರ ಎಷ್ಟೋ ಮನೆಗಳಲ್ಲಿ ಪರಿಸ್ಥಿತಿ ಹೀಗೇ ಇದೆ, ಅಲ್ವಾ? ಒಂದೇ ಕುಟುಂಬ, ಒಬ್ಬೊಬ್ಬರದು ಒಂದೊಂದು ಥರದ ದಾಖಲೆ.

ಮೊದಲು ಮಗನ ಕಥೆ ಹೇಳುತ್ತೇನೆ. ಅಮೆರಿಕದ ಒಂದು ಬಂದರಿನಿಂದ ಹೊರಟು ಅದೇ ಬಂದರಿಗೆ ಮರಳುವ ಪ್ರಯಾಣಕ್ಕೆ ಕ್ಲೋಸ್ಡ್ ಲೂಪ್ ಕ್ರೂಸ್ ಅನ್ನುತ್ತಾರೆ. ಇಂಥ ಪ್ರಯಾಣದಿಂದ ಮರಳುವ ಅಮೆರಿಕದ ಪ್ರಜೆಗೆ ಪಾಸ್‌ಪೋರ್ಟ್ ಕಡ್ಡಾಯವಲ್ಲ. 16ಕ್ಕಿಂತ ಚಿಕ್ಕ ಮಕ್ಕಳಿಗೆ ಜನನ ಪ್ರಮಾಣಪತ್ರ ಒಂದೇ ಸಾಕು. 16 ತುಂಬಿದವರು ಅದರ ಜೊತೆಗೆ ಸರ್ಕಾರ ಕೊಟ್ಟ ಫೋಟೊ ಗುರುತಿನ ಚೀಟಿಯನ್ನೂ ತೋರಿಸಬೇಕು. ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ನಿಯಮ ನೋಡುವುದು ಅಮೆರಿಕಕ್ಕೆ ಮರಳಿ ಬಂದಾಗಿನ ವಯಸ್ಸನ್ನು. ಬುಕ್ ಮಾಡಿದ ದಿನದ ವಯಸ್ಸು ಲೆಕ್ಕಕ್ಕಿಲ್ಲ. ಮಗನ ಹುಟ್ಟುಹಬ್ಬ ನಾವು ಕೊಜುಮೆಲ್‌ನಲ್ಲಿರುವ ದಿನವೇ ಬರುತ್ತಿತ್ತು. ಹೋಗುವಾಗ ಚಿಕ್ಕವನು, ಬರುವಾಗ ದೊಡ್ಡವನು!

ಶಾಲೆಯ ಐಡಿ ಕಾರ್ಡ್ ಇದೆಯಲ್ಲ ಅಂದುಕೊಂಡಿದ್ದೆ. ಅದನ್ನು ನಂಬಿಕೊಂಡು ಬಂದರಿಗೆ ಹೋಗಬೇಡಿ. ರಾಜ್ಯ ಸರ್ಕಾರ ಕೊಡುವ ಐಡಿ ಅಥವಾ ಡ್ರೈವಿಂಗ್ ಲೈಸೆನ್ಸ್ ಇರಬೇಕು. ಹೆಚ್ಚಿನ 16ರ ಮಕ್ಕಳ ಹತ್ತಿರ ಎರಡೂ ಇರುವುದಿಲ್ಲ. ಜನನ ಪ್ರಮಾಣಪತ್ರವನ್ನೂ ಒಮ್ಮೆ ಬಿಚ್ಚಿ ನೋಡಿ. ನಮ್ಮ ಫೈಲಿನಲ್ಲಿ ಎರಡಿದ್ದವು. ಒಂದರಲ್ಲಿ ಮಗುವಿನ ಪುಟ್ಟ ಪಾದದ ಗುರುತು, ಸುತ್ತ ಬಣ್ಣದ ಅಂಚು. ಅದು ಆಸ್ಪತ್ರೆಯವರು ನೆನಪಿಗೆಂದು ಕೊಟ್ಟಿದ್ದು, ದಾಖಲೆಯಾಗಿ ನಡೆಯುವುದಿಲ್ಲ. ಸರ್ಕಾರಿ ಕಚೇರಿ ಕೊಟ್ಟ, ಮುದ್ರೆ ಇರುವ ಪ್ರತಿಯೇ ಬೇಕು. ನಮ್ಮದರಲ್ಲಿ ಬೆರಳಿಂದ ಸವರಿದರೆ ಮುದ್ರೆ ಉಬ್ಬಿರುವುದು ತಿಳಿಯುತ್ತಿತ್ತು.

ಮಗನಿಗೆ ಪಾಸ್‌ಪೋರ್ಟನ್ನೇ ಮಾಡಿಸೋಣ ಎಂದು ತೀರ್ಮಾನ ಮಾಡಿದೆವು. ನಿಮಗೂ ನಾನು ಹೇಳುವುದು ಅದನ್ನೇ. ಯಾಕೆ ಗೊತ್ತಾ? ಜನನ ಪ್ರಮಾಣಪತ್ರ ನಿಮ್ಮನ್ನು ಹಡಗಿನಲ್ಲಿ ವಾಪಸ್ ಕರೆತರುತ್ತದೆ, ಅಷ್ಟೇ. ನಡುವೆ ಮಗುವಿಗೆ ಹುಷಾರು ತಪ್ಪಿ ಮೆಕ್ಸಿಕೊದಲ್ಲೇ ಇಳಿಯಬೇಕಾಯಿತು ಅಂದುಕೊಳ್ಳಿ. ಅಥವಾ ಊರು ಸುತ್ತುತ್ತಾ ಹಡಗು ತಪ್ಪಿಹೋಯಿತು ಅಂದುಕೊಳ್ಳಿ. ಆಗ ವಿಮಾನದಲ್ಲಿ ಬರಬೇಕು, ವಿಮಾನಕ್ಕೆ ಪಾಸ್‌ಪೋರ್ಟ್ ಬೇಕೇ ಬೇಕು. ಜ್ವರ ಬಂದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರದೇಶದಲ್ಲಿ ತುರ್ತು ಪಾಸ್‌ಪೋರ್ಟಿಗೆ ಓಡಾಡುವ ಕಷ್ಟ ಯಾರಿಗೂ ಬೇಡ. ಹಡಗು ನಿಲ್ಲುವ ದೇಶವೇ ಪಾಸ್‌ಪೋರ್ಟ್ ಕೇಳಿದರೆ ಅಮೆರಿಕದ ರಿಯಾಯಿತಿ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಹಡಗು ಯಾವ ಯಾವ ದೇಶದಲ್ಲಿ ನಿಲ್ಲುತ್ತದೆ ಅನ್ನುವುದನ್ನು ಮೊದಲೇ ನೋಡಿಕೊಳ್ಳಿ.

ಮಗನಿಗೆ 10ನೇ ವಯಸ್ಸಿನಲ್ಲಿ ಮಾಡಿಸಿದ ಪಾಸ್‌ಪೋರ್ಟ್ ಇತ್ತು. ನವೆಂಬರಿನಲ್ಲಿ ತೆಗೆದು ನೋಡಿದರೆ ಅವಧಿ ಮುಗಿದಿತ್ತು. 16ರೊಳಗೆ ಮಾಡಿಸಿದ ಅಮೆರಿಕದ ಪಾಸ್‌ಪೋರ್ಟಿಗೆ ಐದೇ ವರ್ಷ ಅವಧಿ, 16ರ ಮೇಲೆ ಮಾಡಿಸಿದರೆ ಹತ್ತು ವರ್ಷ. ನಾಲ್ಕು ತಿಂಗಳು ಕಾದಿದ್ದರೆ ಹತ್ತು ವರ್ಷದ್ದು ಸಿಗುತ್ತಿತ್ತು, ಆದರೆ ಕ್ರೂಸ್ ತಪ್ಪುತ್ತಿತ್ತು. ಚಿಕ್ಕವರ ಪಾಸ್‌ಪೋರ್ಟನ್ನು ಅಂಚೆಯಲ್ಲಿ ಕಳಿಸಿ ನವೀಕರಿಸಲು ಆಗುವುದಿಲ್ಲ. ಡಿಎಸ್-11 ಫಾರಂ ತುಂಬಿ ಖುದ್ದಾಗಿ ಹೋಗಬೇಕು. 16ರೊಳಗಿನವರಾದರೆ ಅಪ್ಪ ಅಮ್ಮ ಇಬ್ಬರೂ ಬರಬೇಕು. ನಮ್ಮನೆಯವರು ಆ ವಾರ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದರು. ಬರಲಾಗದವರು ಡಿಎಸ್-3053 ಅನ್ನುವ ಒಪ್ಪಿಗೆ ಪತ್ರಕ್ಕೆ ನೋಟರಿ ಮುಂದೆ ಸಹಿ ಹಾಕಿ, ತಮ್ಮ ಗುರುತಿನ ಚೀಟಿಯ ಝೆರಾಕ್ಸ್ ಜೊತೆ ಕಳಿಸಿದರೆ ಆಗುತ್ತದೆ. ಅವರು ಹಾಗೇ ಮಾಡಿದರು.

ಇನ್ನೊಂದು ವಿಷಯ ನನಗೆ ಕೌಂಟರಿನಲ್ಲಿ ಕೂತಾಗಲೇ ತಿಳಿದಿದ್ದು. ಅರ್ಜಿಯ ಜೊತೆ ಜನನ ಪ್ರಮಾಣಪತ್ರವನ್ನೂ ಅವರು ಇಟ್ಟುಕೊಳ್ಳುತ್ತಾರೆ. ಪಾಸ್‌ಪೋರ್ಟ್ ಒಂದು ಲಕೋಟೆಯಲ್ಲಿ ಬರುತ್ತದೆ, ಪ್ರಮಾಣಪತ್ರ ಬೇರೆ ಲಕೋಟೆಯಲ್ಲಿ, ಬೇರೆ ದಿನ. ಅಲ್ಲಿಯವರೆಗೆ ನಿಮ್ಮ ಕೈಯಲ್ಲಿ ಎರಡೂ ಇಲ್ಲ. ಪ್ರಯಾಣ ಹತ್ತಿರ ಇದ್ದರೆ, ಅರ್ಜಿ ಹಾಕುವ ಮೊದಲೇ ಪ್ರಮಾಣಪತ್ರದ ಇನ್ನೊಂದು ಅಧಿಕೃತ ಪ್ರತಿ ತರಿಸಿಕೊಳ್ಳಿ. ಅದೇ ಅರ್ಜಿಯಲ್ಲಿ ಪಾಸ್‌ಪೋರ್ಟ್ ಕಾರ್ಡನ್ನೂ ಕೇಳಿದೆವು. ಲೈಸೆನ್ಸ್ ಅಳತೆಯ ಪುಟ್ಟ ಕಾರ್ಡ್ ಅದು. ಮೆಕ್ಸಿಕೊ, ಕೆನಡಾ, ಕೆರಿಬಿಯನ್, ಬರ್ಮುಡಾದಿಂದ ನೆಲದ ಮೇಲೆ ಅಥವಾ ನೀರಿನ ಮೇಲೆ ಬರುವಾಗ ನಡೆಯುತ್ತದೆ. ಹೊರದೇಶದ ವಿಮಾನಕ್ಕೆ ನಡೆಯುವುದಿಲ್ಲ. ಆದ್ದರಿಂದ ಪುಸ್ತಕದ ಬದಲು ಕಾರ್ಡ್ ಸಾಕು ಅನ್ನಬೇಡಿ, ಎರಡೂ ಇರಲಿ.

ಮಗಳದು ಬೇರೆಯೇ ಲೆಕ್ಕ. ಅಮೆರಿಕದ ಪ್ರಜೆಗಳಿಗಿರುವ ರಿಯಾಯಿತಿ ಅವಳಿಗೆ ಸ್ವಲ್ಪವೂ ಇಲ್ಲ. ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಬೇಕು, ಮರಳಿ ಬರಲು ಚಾಲ್ತಿಯಲ್ಲಿರುವ ವೀಸಾ ಸ್ಟ್ಯಾಂಪ್ ಬೇಕು. ಅವಳ ಪಾಸ್‌ಪೋರ್ಟ್ ಮಾಡಿಸಿದ್ದು 14ನೇ ವಯಸ್ಸಿನಲ್ಲಿ. ಭಾರತದಲ್ಲಿ ಚಿಕ್ಕವರ ಪಾಸ್‌ಪೋರ್ಟ್ ಐದು ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ. ಅಂದರೆ ಜುಲೈನಲ್ಲಿ ಅದು ಮುಗಿಯುತ್ತಿತ್ತು. ಮಾರ್ಚ್‌ನಲ್ಲಿ ಪ್ರಯಾಣ, ಉಳಿದಿದ್ದು ನಾಲ್ಕೇ ತಿಂಗಳು. ಆರು ತಿಂಗಳ ಅವಧಿ ಇರಲಿ ಎಂದು ಕೇಳುವ ಕಡೆ ಇದು ಸಾಲುವುದಿಲ್ಲ. ಮರಳಿ ಬರುವಾಗ ಅಧಿಕಾರಿ ಐ-94ರ (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಎಂದು ಹೇಳುವ ದಾಖಲೆ) ದಿನಾಂಕವನ್ನು ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ಕತ್ತರಿಸುವ ಸಾಧ್ಯತೆಯೂ ಇರುತ್ತದೆ. ನನಗೆ ಹೆಚ್ಚು ಹೆದರಿಕೆ ಆಗಿದ್ದು ಇದಕ್ಕೇ.

15 ದಾಟಿದ ಮಕ್ಕಳಿಗೆ ಹತ್ತು ವರ್ಷದ ಪಾಸ್‌ಪೋರ್ಟ್ ಕೇಳಬಹುದು. ಅದನ್ನೇ ಕೇಳಿದೆವು. 18 ಆಗಿಲ್ಲವಾದ್ದರಿಂದ ನಾವಿಬ್ಬರೂ ಅನೆಕ್ಸರ್ ಡಿ ಅನ್ನುವ ಅಪ್ಪ ಅಮ್ಮನ ಘೋಷಣೆ ಪತ್ರಕ್ಕೆ ಸಹಿ ಹಾಕಿದೆವು. ಹೊಸದು ಬರಲು ಒಂದೂವರೆ ತಿಂಗಳು ಹಿಡಿಯಿತು. ಹಳೆಯದನ್ನು ರದ್ದು ಮಾಡಿ ವಾಪಸ್ ಕೊಟ್ಟರು. ಅದನ್ನು ಎಲ್ಲೋ ಡ್ರಾಯರಿನಲ್ಲಿ ಹಾಕಿಬಿಡಬೇಡಿ! ಅಮೆರಿಕದ ವೀಸಾ ಆ ಹಳೆಯ ಪಾಸ್‌ಪೋರ್ಟಿನಲ್ಲೇ ಇದೆ. ವೀಸಾ ಪುಟ ಹರಿಯದೆ ಸರಿಯಾಗಿದ್ದರೆ, ಅದರ ಅವಧಿ ಉಳಿದಿದ್ದರೆ, ಹಳೆಯದು ಹೊಸದು ಎರಡನ್ನೂ ಜೊತೆಗೆ ಹಿಡಿದು ಪ್ರಯಾಣ ಮಾಡಬಹುದು. ನಾವು ಎರಡಕ್ಕೂ ಒಂದು ರಬ್ಬರ್ ಬ್ಯಾಂಡ್ ಹಾಕಿ ಇಟ್ಟೆವು. ಹೊಸದರಲ್ಲಿ ಹೆಸರು ಬರೆಯುವ ಕ್ರಮವನ್ನೂ ಬದಲಾಯಿಸಲಿಲ್ಲ. ಅಪ್ಪನ ಹೆಸರು ಸರ್‌ನೇಮ್ ಆಗಲಿ ಎಂದು ಈ ಹೊತ್ತಿನಲ್ಲಿ ತಿದ್ದಲು ಹೋದರೆ ವೀಸಾದಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಆಗುತ್ತದೆ.

ವೀಸಾ ಬಗ್ಗೆ ಇನ್ನೊಂದು ಮಾತು. ಅಮೆರಿಕದಲ್ಲಿ ಉಳಿಯಲು ಕೊಟ್ಟ ಐ-797 ಅನುಮೋದನೆ ಪತ್ರ ಇದೆ, ಮಗುವಿನ ಸ್ಟ್ಯಾಂಪ್ ಮುಗಿದಿದ್ದರೂ ಪರವಾಗಿಲ್ಲ ಎಂದು ತುಂಬಾ ಜನ ತಿಳಿದುಕೊಂಡಿದ್ದಾರೆ. ಆ ಪತ್ರ ವೀಸಾ ಅಲ್ಲ. ಕೆನಡಾ ಅಥವಾ ಮೆಕ್ಸಿಕೊಗೆ ಹೋಗಿ 30 ದಿನದೊಳಗೆ ಬರುವವರಿಗೆ, ಐ-94 ಚಾಲ್ತಿಯಲ್ಲಿದ್ದರೆ, ಮುಗಿದ ಸ್ಟ್ಯಾಂಪಿನಲ್ಲೇ ಮರಳಲು ಒಂದು ನಿಯಮ ಅವಕಾಶ ಕೊಡುತ್ತದೆ. ಆದರೆ ಎಚ್-4 ಮಕ್ಕಳ ಹಡಗು ಬಹಾಮಾಸ್ ಅಥವಾ ಜಮೈಕಾಗೆ ಹೋದರೆ ಆ ನಿಯಮ ಕೈ ಹಿಡಿಯುವುದಿಲ್ಲ. ದ್ವೀಪಗಳ ಸೌಲಭ್ಯ ಎಫ್ (ವಿದ್ಯಾರ್ಥಿಗಳ) ಮತ್ತು ಜೆ (ವಿನಿಮಯ ಕಾರ್ಯಕ್ರಮದ) ವೀಸಾದವರಿಗೆ ಮಾತ್ರ. ಬರೀ ಮೆಕ್ಸಿಕೊ ಅಂದರೂ ತೊಡಕಿದೆ. ಭಾರತದ ಪಾಸ್‌ಪೋರ್ಟಿನವರಿಗೆ ಮೆಕ್ಸಿಕೊ ವೀಸಾ ಬೇಡ ಅನ್ನುವುದು ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದಾಗ ಅಥವಾ ಗ್ರೀನ್ ಕಾರ್ಡ್ ಇದ್ದಾಗ. ಸ್ಟ್ಯಾಂಪ್ ಮುಗಿದಿದ್ದರೆ ಆ ವರ್ಷ ಕ್ರೂಸ್ ಬೇಡ ಅನ್ನುವುದೇ ನನ್ನ ಅಭಿಪ್ರಾಯ.

ಅಲಾಸ್ಕಾಗೆ ಹೋಗುವವರಿಗೂ ಹೇಳಬೇಕು. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುತ್ತೇವೆ, ಅಲಾಸ್ಕಾ ಅಮೆರಿಕದಲ್ಲೇ ಇದೆ, ವೀಸಾ ಯಾಕೆ ಅನಿಸುತ್ತದೆ. ಆದರೆ 1886ರ ಒಂದು ಕಾನೂನಿನ ಪ್ರಕಾರ ಹೊರದೇಶದ ಬಾವುಟದ ಹಡಗುಗಳು ಇಂಥ ಪ್ರಯಾಣದ ನಡುವೆ ಒಂದು ಹೊರದೇಶದ ಬಂದರಿಗೆ ಹೋಗಲೇಬೇಕು. ಅದಕ್ಕೇ ಅವು ಕೆನಡಾದ ವಿಕ್ಟೋರಿಯಾದಂಥ ಊರಿನಲ್ಲಿ ನಿಲ್ಲುತ್ತವೆ. ಭಾರತದ ಪಾಸ್‌ಪೋರ್ಟ್ ಇರುವ ಎಚ್-4 ಮಕ್ಕಳಿಗೂ, ಅದೇ ಪಾಸ್‌ಪೋರ್ಟ್, ಇಂಥದೇ ವೀಸಾ ಇರುವ ಅಪ್ಪ ಅಮ್ಮನಿಗೂ ಕೆನಡಾ ವೀಸಾ ಬೇಕು.

ಅಣ್ಣನ ಮಗಳ ವಿಷಯ ಸುಲಭ ಅಂದುಕೊಂಡಿದ್ದೆ. ಭಾರತದ ಪಾಸ್‌ಪೋರ್ಟ್, ಅಸಲಿ ಗ್ರೀನ್ ಕಾರ್ಡ್, ಮುಗಿಯಿತು. ಆದರೆ ಚಿಕ್ಕಂದಿನಲ್ಲಿ ಗ್ರೀನ್ ಕಾರ್ಡ್ ಸಿಕ್ಕ ಮಕ್ಕಳು 14 ತುಂಬಿದ 30 ದಿನದೊಳಗೆ ಐ-90 ಅರ್ಜಿ ಹಾಕಿ ಬೆರಳಚ್ಚು ಕೊಟ್ಟು ಕಾರ್ಡ್ ಬದಲಾಯಿಸಬೇಕು. ಅತ್ತಿಗೆ ಅದನ್ನು ನೆನಪಿಟ್ಟುಕೊಂಡು ಮಾಡಿಸಿದ್ದರು. ನಿಮ್ಮ ಮಗುವಿಗೆ ಈಗಷ್ಟೇ 14 ಆಗಿದ್ದರೆ ಪ್ರಯಾಣಕ್ಕೆ ಮೊದಲು ಇದನ್ನು ನೋಡಿ.

ಅವಳಿಗೆ ಬೇಕಾಗಿದ್ದ ಇನ್ನೊಂದು ಕಾಗದ ಅಪ್ಪ ಅಮ್ಮನ ಒಪ್ಪಿಗೆ ಪತ್ರ. ಒಂದೇ ಪುಟ. ಮಗುವಿನ ಪೂರ್ತಿ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್, ಯಾರ ಜೊತೆ ಹೋಗುತ್ತಿದ್ದಾಳೆ, ಯಾವ ಹಡಗು, ಯಾವ ದಿನಾಂಕ, ಯಾವ ದೇಶ, ಅವರಿಬ್ಬರ ಫೋನ್ ನಂಬರ್. ಕೊನೆಯಲ್ಲಿ ‘ಅನಾರೋಗ್ಯ ಅಥವಾ ಅಪಘಾತ ಆದರೆ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಅಧಿಕಾರ ಇವರಿಗಿದೆ’ ಅನ್ನುವ ಸಾಲು. ಇಬ್ಬರ ಸಹಿ, ನೋಟರಿ ಮುದ್ರೆ. ಈ ಸಾಲನ್ನು ದಯವಿಟ್ಟು ಬಿಡಬೇಡಿ. ಅತ್ತೆಯಾದ ನಾನು ಪಕ್ಕದಲ್ಲೇ ಇದ್ದರೂ ಕಾಗದದ ಮೇಲೆ ನಾನು ಅವಳಿಗೆ ಯಾರೂ ಅಲ್ಲ. ಅಪ್ಪ ಅಮ್ಮರಲ್ಲಿ ಒಬ್ಬರೇ ಮಕ್ಕಳನ್ನು ಕರೆದುಕೊಂಡು ಹೋಗುವಾಗಲೂ ಇನ್ನೊಬ್ಬರಿಂದ ಇಂಥದೇ ಪತ್ರ ಇರಲಿ.

ಹೊರಡುವ ದಿನ. ಗ್ಯಾಲ್ವೆಸ್ಟನ್‌ನಲ್ಲಿ ಕಾರು ನಿಂತ ಕೂಡಲೇ ಕೂಲಿಯವರು ಗಾಡಿ ತಳ್ಳಿಕೊಂಡು ಬಂದರು. ಹಡಗಿನ ಟ್ಯಾಗ್ ಕಟ್ಟಿದ ಸೂಟ್‌ಕೇಸ್‌ಗಳನ್ನು ಅವರಿಗೆ ಕೊಟ್ಟರೆ ಸಂಜೆ ಹೊತ್ತಿಗೆ ರೂಮಿನ ಬಾಗಿಲಿಗೆ ಬರುತ್ತವೆ. ನಾಲ್ಕು ಸೂಟ್‌ಕೇಸ್ ಗಾಡಿ ಏರಿದವು. ಆಗ ಅಣ್ಣನ ಮಗಳು ಮೆಲ್ಲಗೆ ನನ್ನ ತೋಳು ಮುಟ್ಟಿ, “ಅತ್ತೆ, ನನ್ನ ಲೆಟರ್ ಆ ನೀಲಿ ಸೂಟ್‌ಕೇಸ್‌ನಲ್ಲಿದೆ” ಅಂದಳು. ಮಡಚಬಾರದು ಎಂದು ಬಟ್ಟೆಯ ಮೇಲೆ ಚಪ್ಪಟೆಯಾಗಿ ಇಟ್ಟಿದ್ದಳು, ಪಾಪ. ಗಾಡಿ ಹೊರಟೇಬಿಟ್ಟಿತ್ತು. ನಮ್ಮನೆಯವರು ಓಡಿಹೋಗಿ ನಿಲ್ಲಿಸಿದರು. ಎಲ್ಲಕ್ಕಿಂತ ಕೆಳಗಿದ್ದ ಸೂಟ್‌ಕೇಸನ್ನು ಎಳೆದು, ರಸ್ತೆ ಬದಿಯಲ್ಲೇ ಬಿಚ್ಚಿ ಪತ್ರ ತೆಗೆದೆವು. ಹತ್ತೇ ನಿಮಿಷದ ನಂತರ ಚೆಕ್-ಇನ್ ಮೇಜಿನಲ್ಲಿ ಮೊದಲು ಕೇಳಿದ್ದು ಅದನ್ನೇ. ಎಲ್ಲರ ಕಾಗದಪತ್ರ ಒಬ್ಬರ ಹೆಗಲ ಚೀಲದಲ್ಲೇ ಇರಲಿ, ಮಕ್ಕಳ ಚೀಲಗಳನ್ನೂ ಮನೆಯಲ್ಲೇ ಒಮ್ಮೆ ಕೇಳಿ ನೋಡಿ.

ಮಗಳ ಎರಡು ಪಾಸ್‌ಪೋರ್ಟ್ ನೋಡಿದ ಹೆಂಗಸು ಹೊಸದರ ಫೋಟೊ ಪುಟ ಬಿಚ್ಚಿಟ್ಟು, ಹಳೆಯದರ ವೀಸಾ ಪುಟ ಹುಡುಕಿ, ಎರಡರ ಹೆಸರನ್ನೂ ಅಕ್ಷರ ಅಕ್ಷರ ಬೆರಳಿಟ್ಟು ಓದಿದರು. ಆಮೇಲೆ ಬುಕಿಂಗ್‌ನಲ್ಲಿದ್ದ ಹೆಸರು. ಮೂರೂ ಒಂದೇ ಇತ್ತು. ಬುಕ್ ಮಾಡುವಾಗ ಮನೆಯಲ್ಲಿ ಕರೆಯುವ ಹೆಸರು, ಅರ್ಧ ಹೆಸರು ಹಾಕಿದ್ದರೆ ಈಗಲೇ ಸರಿ ಮಾಡಿಸಿ.

ಕೊಜುಮೆಲ್‌ನಲ್ಲಿ ಇಳಿಯುವಾಗ ಪಾಸ್‌ಪೋರ್ಟ್‌ಗಳನ್ನು ರೂಮಿನ ಲಾಕರಿನಲ್ಲಿ ಇಟ್ಟು, ಝೆರಾಕ್ಸ್ ಹಿಡಿದು ಹೋದೆವು. ಹಡಗಿಗೆ ಮರಳುವಾಗ ಹಡಗಿನ ಕಾರ್ಡ್ ಜೊತೆ ದೊಡ್ಡವರ ಫೋಟೊ ಐಡಿ ಕೇಳಬಹುದು. ಮಗ ತನ್ನ ಪಾಸ್‌ಪೋರ್ಟ್ ಕಾರ್ಡ್ ಜೇಬಿನಲ್ಲಿಟ್ಟುಕೊಂಡಿದ್ದ. ಗೇಟಿನಲ್ಲಿ ತಾನೇ ತೆಗೆದು ತೋರಿಸಿದ. ಅವತ್ತೇ 16 ತುಂಬಿದ್ದು ಅವನಿಗೆ. ಮುಖದಲ್ಲಿ ಆ ಖುಷಿ ಕಾಣುತ್ತಿತ್ತು.

ಮರಳಿದ ಬೆಳಿಗ್ಗೆ ಗ್ಯಾಲ್ವೆಸ್ಟನ್‌ನಲ್ಲಿ ಮಗ ನಿಮಿಷದಲ್ಲಿ ದಾಟಿದ. ಮಗಳನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಎರಡೂ ಪಾಸ್‌ಪೋರ್ಟ್, ಐ-797 ನೋಡಿ ಬಿಟ್ಟರು. ಮನೆಗೆ ಬಂದ ಮೇಲೆ ಸೂಟ್‌ಕೇಸ್ ಬಿಚ್ಚುವ ಮೊದಲೇ ಅವಳ ಐ-94 ಅನ್ನು ಆನ್‌ಲೈನಿನಲ್ಲಿ ತೆಗೆದು ನೋಡಿದೆ. ದಿನಾಂಕ ಸರಿಯಾಗಿತ್ತು. ಒಂದು ಪ್ರತಿ ಪ್ರಿಂಟ್ ಮಾಡಿ ಅವಳ ಹೊಸ ಪಾಸ್‌ಪೋರ್ಟಿನೊಳಗೆ ಇಟ್ಟೆ.