ಕೈ ಬೀಳಿಸಿತಂತೆ

ಬೆಳಿಗ್ಗೆ ಮಾವಿನ ಮಿಡಿಯ ಭರಣಿ ಒಡೆಯಿತು. ಅತ್ತೆ ಊರಿನಿಂದ ಬಾಯಿಗೆ ಬಟ್ಟೆ ಕಟ್ಟಿ ತಂದದ್ದು. ಅಡುಗೆಮನೆಯ ನೆಲದ ತುಂಬ ಕೆಂಪು ರಸ, ಸಾಸಿವೆಯ ಘಾಟು. ಒಂದು ಮಿಡಿ ಉರುಳಿ ಫ್ರಿಜ್ಜಿನ ಕೆಳಗೆ ಸೇರಿತು.

"ನಾನಲ್ಲ ಅಮ್ಮಾ, ಕೈ ಬೀಳಿಸಿತು" ಎಂದ ಮಗ. ಆರು ವರ್ಷ.

ನಗು ತಡೆದುಕೊಂಡೆ. ಗ್ರೀಸಿನ ತತ್ತ್ವಜ್ಞಾನಿ ಜೀನೋನ ಕಥೆ ನೆನಪಾಯಿತು. ಕದ್ದು ಸಿಕ್ಕಿಬಿದ್ದ ಗುಲಾಮ "ಕದಿಯುವುದು ನನ್ನ ಹಣೆಯಲ್ಲಿ ಬರೆದಿತ್ತು" ಎಂದನಂತೆ. "ಪೆಟ್ಟು ತಿನ್ನುವುದೂ ಬರೆದಿತ್ತು" ಎಂದನಂತೆ ಜೀನೋ. ಪಾಪ, ಎರಡು ಸಾವಿರ ವರ್ಷದಿಂದ ತಿನ್ನುತ್ತಲೇ ಇದ್ದಾನೆ.

ನಮ್ಮ ಕಾನೂನು ಈ ಜಗಳಕ್ಕೆ ಹೋಗುವುದಿಲ್ಲ. ಏಳು ತುಂಬದ ಮಗು ಏನು ಮಾಡಿದರೂ ಅಪರಾಧವಲ್ಲ. 1860ರ ದಂಡ ಸಂಹಿತೆಯಲ್ಲಿ 82ನೇ ಕಲಮು, ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 20. ಏಳರಿಂದ ಹನ್ನೆರಡರವರೆಗೆ, ಮಾಡಿದ್ದರ ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿತ್ತೇ ಎಂದು ನೋಡುತ್ತಾರೆ. ಇಚ್ಛೆ ಸ್ವತಂತ್ರವೋ ಅಲ್ಲವೋ ಎಂಬುದು ಅಲ್ಲಿ ಬರುವುದೇ ಇಲ್ಲ!

ಇವನಿಗೆ ಏಳು ತುಂಬಲು ಇನ್ನು ಮೂರು ತಿಂಗಳು. ಅಲ್ಲಿಯವರೆಗೆ ಕೈಯದ್ದೇ ತಪ್ಪು.

ಫ್ರಿಜ್ಜಿನ ಕೆಳಗಿನ ಮಿಡಿಯನ್ನು ಪೊರಕೆ ಕಡ್ಡಿಯಿಂದ ಎಳೆದು, ತೊಳೆದು, ಬಾಯಿಗೆ ಹಾಕಿಕೊಂಡದ್ದೂ ಅದೇ ಕೈ.