ಭರಣಿಯಲ್ಲಿ ಉಳಿದ ಏಳು ಗುಲಗಂಜಿ

ಸಿಮಿ ದ್ವೀಪದ ಪನೋರ್ಮಿಟಿಸ್ ಮಠದ ಗೋಡೆಗೆ ಪೊರಕೆಗಳನ್ನು ಒರಗಿಸಿಟ್ಟಿದ್ದರು. ಒಂದು ಹೊರೆಯಾಗುವಷ್ಟಿದ್ದವು. ಕೆಲವಕ್ಕೆ ಅಂಗಡಿಯ ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತು. ಇವೆಲ್ಲ ಭಕ್ತರು ದೇವರಿಗೆ ಒಪ್ಪಿಸಿದ ಹರಕೆ ಎಂದು ಮಗಳು ವಿಚಾರಿಸಿಕೊಂಡು ಬಂದು ಹೇಳಿದಳು. ನನ್ನ ಕಾಲು ಅಲ್ಲೇ ನಿಂತಿತು. ಹಿಡಿಸೂಡಿ ನೆಲಕ್ಕೆ ತಾಗುವ ಆ ಸರ್, ಸರ್ ಸದ್ದು ಎಲ್ಲಿಂದಲೋ ಬಂದು ಕಿವಿ ತುಂಬಿತು. ಅದು ನಮ್ಮ ಅಜ್ಜಿಯದು.

ಸಿಮಿ ಗ್ರೀಸ್ ದೇಶದ ಒಂದು ಪುಟ್ಟ ದ್ವೀಪ. ರೋಡ್ಸ್‌ಗೆ ಹತ್ತಿರ, ಟರ್ಕಿಯ ಕರಾವಳಿಗೆ ಇನ್ನೂ ಹತ್ತಿರ. ನೆಲವೆಲ್ಲ ಒಣ ಬಂಡೆ. ಉತ್ತು ಬಿತ್ತಿ ಬದುಕುವಂತಿಲ್ಲದ ಕಡೆ ಜನ ಕಡಲನ್ನೇ ನಂಬಿದರು. ಹಡಗು ಕಟ್ಟಿದರು, ಸಮುದ್ರದ ತಳದಿಂದ ಸ್ಪಂಜು ಕಿತ್ತು ತಂದು ಮಾರಿದರು. ಮೊದಲು ಚಪ್ಪಟೆ ಕಲ್ಲೊಂದನ್ನು ಹಿಡಿದು, ಅದರ ಭಾರಕ್ಕೆ ತಳ ಮುಟ್ಟಿ, ಉಸಿರು ಮುಗಿಯುವುದರೊಳಗೆ ಮೇಲೆ ಬರುತ್ತಿದ್ದರಂತೆ. 1863ರಲ್ಲಿ ಮುಳುಗುವ ಉಡುಪು ಬಂತು. ಜನ ಅದನ್ನು ನಂಬಲಿಲ್ಲ. ತಂದವನ ಹೆಂಡತಿಯೇ ಅದನ್ನು ತೊಟ್ಟು ಬಂದರಿನ ನೀರಿಗೆ ಇಳಿದು ತೋರಿಸಿದಳು ಎಂದು ಹೇಳುತ್ತಾರೆ. ಆಮೇಲೆ ಗಂಡಸರು ಇನ್ನೂ ಆಳಕ್ಕೆ ಹೋದರು. ಅವಸರದಲ್ಲಿ ಮೇಲೆ ಬಂದವರ ರಕ್ತದಲ್ಲಿ ಗುಳ್ಳೆ ಕಟ್ಟಿ ಎಷ್ಟೋ ಜನ ಸತ್ತರು, ಎಷ್ಟೋ ಜನ ಕೈಕಾಲು ಬಿದ್ದುಹೋಗಿ ಮನೆಗೆ ಮರಳಿದರು. ದೋಣಿಗಳು ಈಸ್ಟರ್ ಹಬ್ಬ ಮುಗಿಸಿ ಹೊರಟರೆ ಮರಳುವುದು ಶರತ್ಕಾಲಕ್ಕೆ. ಅಷ್ಟು ತಿಂಗಳು ಮನೆಯಲ್ಲಿ ಉಳಿದ ತಾಯಂದಿರಿಗೆ ಗತಿ ಯಾರು?

ಈ ಮಠ ಮಿಕಾಯೇಲ್ ಎಂಬ ದೇವದೂತನದು. ಕತ್ತಿ ಹಿಡಿದವನು, ನಾವಿಕರ ಕಾವಲುಗಾರ. ಸತ್ತವರ ಜೀವವನ್ನು ಕೊಂಡೊಯ್ಯುವವನೂ ಅವನೇ ಎಂದು ಅವರ ನಂಬಿಕೆ. ಹೊಲ ಅಗೆಯುತ್ತಿದ್ದ ವಿಧವೆಯೊಬ್ಬಳಿಗೆ ಪೊದೆಯ ಬುಡದಲ್ಲಿ ಅವನ ಚಿತ್ರಪಟ ಸಿಕ್ಕಿತಂತೆ. ಮನೆಗೆ ಒಯ್ದಳು; ಬೆಳಗಾಗುವಷ್ಟರಲ್ಲಿ ಅದು ಮತ್ತೆ ಹೊಲದಲ್ಲಿತ್ತು. ಮೂರು ಸಲ ಹೀಗಾಯಿತು. ಆಮೇಲೆ ಅಲ್ಲಿಯೇ ಗುಡಿಯಾಯಿತು. ಉದ್ಭವ ಮೂರ್ತಿಗಳ ಊರಿನಲ್ಲಿ ಹುಟ್ಟಿದ ನಮಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಒಳಗೆ ಆಳೆತ್ತರದ ಪಟ, ಮೈಯೆಲ್ಲ ಬೆಳ್ಳಿಯ ಕವಚ. ಮುಖ ಮಾತ್ರ ಕಪ್ಪಗೆ, ದೀಪದ ಬೆಳಕಿನಲ್ಲಿ ನಮ್ಮೂರ ಅಮ್ಮನವರ ಮುಖದಂತೆಯೇ ಕಂಡಿತು. ಸುತ್ತಲೂ ಬೆಳ್ಳಿಯ ತಗಡಿನಲ್ಲಿ ತಟ್ಟಿದ ಕಣ್ಣು, ಕೈ, ಕಾಲು, ಮಗು, ದೋಣಿ. ಟಾಮಾ ಎನ್ನುತ್ತಾರೆ ಅದಕ್ಕೆ. ನಮ್ಮ ಮಾತಿನಲ್ಲಿ ಹರಕೆ. ಉಜಿರೆಯ ಹತ್ತಿರ ಸುರ್ಯದ ಸದಾಶಿವ ರುದ್ರನಿಗೆ ಮಣ್ಣಿನ ತೊಟ್ಟಿಲು, ಮಣ್ಣಿನ ಮನೆ ಒಪ್ಪಿಸುವುದನ್ನು ನೋಡಿದವರಿಗೆ ಇಲ್ಲಿ ಎದೆ ತುಂಬಿ ಬರುತ್ತದೆ. ದೂರದ ಕಡಲಿನಲ್ಲಿರುವವರು ಬಾಟಲಿಯೊಳಗೆ ಕೋರಿಕೆಯ ಚೀಟಿಯನ್ನೋ ಕಾಣಿಕೆಯನ್ನೋ ಇಟ್ಟು ನೀರಿಗೆ ಬಿಟ್ಟರೆ ಅದು ತೇಲಿ ಈ ಕೊಲ್ಲಿಗೇ ಬರುತ್ತದೆ ಎನ್ನುತ್ತಾರೆ. ಹಾಗೆ ಬಂದ ಬಾಟಲಿಗಳನ್ನು ಮಠದಲ್ಲಿ ಇಟ್ಟಿದ್ದಾರೆ. ಗಾಜು ಮಸುಕಾಗಿದೆ, ಆದರೆ ಯಾರೂ ಎಸೆದಿಲ್ಲ.

ಇನ್ನೊಂದು ಮಾತು ಕೇಳಿದೆ. ಮಿಕಾಯೇಲನಿಗೆ ಹೇಳಿಕೊಂಡ ಹರಕೆಯನ್ನು ತೀರಿಸದೆ ಹೊರಟರೆ ಹಡಗು ಕೊಲ್ಲಿಯಿಂದ ಅಲುಗುವುದಿಲ್ಲವಂತೆ. ಒಪ್ಪಿಸಬೇಕಾದುದನ್ನು ಒಪ್ಪಿಸಿದ ಮೇಲೆಯೇ ಎಂಜಿನ್ ಚಾಲೂ ಆಗುವುದಂತೆ. ತಿರುಪತಿ ತಿಮ್ಮಪ್ಪ ಬಡ್ಡಿ ಸಮೇತ ವಸೂಲು ಮಾಡುತ್ತಾನೆ ಎಂದು ಕೇಳಿ ಬೆಳೆದವಳು ನಾನು. ಕೈ ತಣ್ಣಗಾಯಿತು.

ನನ್ನ ಚಿಕ್ಕಪ್ಪ ಸರಕು ಹಡಗಿನಲ್ಲಿದ್ದರು. ಒಮ್ಮೆ ನಾಲ್ಕು ತಿಂಗಳು ಅವರ ಕಾಗದ ಬರಲಿಲ್ಲ. ಅಜ್ಜಿ ಊರಿನ ದುರ್ಗಾಪರಮೇಶ್ವರಿಗೆ ಹೇಳಿಕೊಂಡರು: ಮಗ ಮನೆ ಸೇರಿದರೆ ನಲವತ್ತೆಂಟು ದಿನ ನಿನ್ನ ಅಂಗಳ ಗುಡಿಸುತ್ತೇನೆ ತಾಯಿ. ಚಿಕ್ಕಪ್ಪ ಬಂದರು. ಅಜ್ಜಿ ಕುಂಕುಮದ ಭರಣಿಯೊಂದನ್ನು ತೊಳೆದು ನಲವತ್ತೆಂಟು ಗುಲಗಂಜಿ ಎಣಿಸಿ ಹಾಕಿದರು. ಬೆಳಗಿನ ಜಾವ ಎದ್ದು, ತಾವೇ ತೆಂಗಿನ ಗರಿ ಸೀಳಿ ಕಟ್ಟಿದ ಹಿಡಿಸೂಡಿ ಹಿಡಿದು ಗುಡಿಗೆ ಹೋಗುವರು. ನಾನು ಅವರ ಹಿಂದೆ. ಕತ್ತಲಲ್ಲಿ ಅವರು ಕಾಣುತ್ತಿರಲಿಲ್ಲ, ಸದ್ದು ಮಾತ್ರ. ಒಂದು ಸಲ ಎಳೆದು, ಒಂದು ಕ್ಷಣ ನಿಂತು, ಮತ್ತೆ ಎಳೆಯುವುದು. ಹಲಸಿನೆಲೆಗಳು ಮುಂದೆ ಮುಂದೆ ಓಡುವ ಸದ್ದು. ಮನೆಗೆ ಬಂದವರೇ ಒಂದು ಗುಲಗಂಜಿಯನ್ನು ಹೊರಗೆ ತೆಗೆಯುವರು.

ನಲವತ್ತೆರಡನೆಯ ದಿನ ಪಾಚಿಗಟ್ಟಿದ ಮೆಟ್ಟಿಲಿನಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮತ್ತೆ ಗುಡಿಯ ಮೆಟ್ಟಿಲು ಹತ್ತಲೇ ಇಲ್ಲ. ಮಲಗಿದಲ್ಲಿಂದಲೇ ಭರಣಿ ತರಿಸಿ ಎಣಿಸುತ್ತಿದ್ದರು. “ಏಳು ಉಳಿಯಿತಲ್ಲ ಮಗು.” ನಾನು, ಹತ್ತು ವರ್ಷದವಳು, ಹೇಳಿದೆ: “ನಾನು ಗುಡಿಸುತ್ತೇನೆ ಅಜ್ಜಿ.” ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ನಾನು ಗುಡಿಸಲಿಲ್ಲ. ಶಾಲೆ, ಪರೀಕ್ಷೆ, ಮದುವೆ, ಬೇರೆ ಊರು. ನಲವತ್ತು ವರ್ಷಗಳ ಮೇಲಾಯಿತು.

ಆ ಪೊರಕೆಗಳಲ್ಲಿ ಒಂದನ್ನು ಕೈಗೆತ್ತಿಕೊಂಡೆ. ಅಲ್ಲಿದ್ದ ಕಪ್ಪುಡುಪಿನ ಹಿರಿಯರ ಮುಖ ನೋಡಿದೆ, ತಲೆಯಾಡಿಸಿದರು. ಬಿಳಿ, ಕಪ್ಪು ಉರುಟುಕಲ್ಲುಗಳನ್ನು ಹಾಸಿ ಚಿತ್ತಾರ ಬಿಡಿಸಿದ ಅಂಗಳ. ಕಲ್ಲಿನ ಸಂದಿಯಲ್ಲಿ ಮರಳು, ಒಣಗಿದ ಎಲೆ. ಗುಡಿಸಿದೆ. ಸದ್ದು ಅಜ್ಜಿಯದರಂತೆ ಬರಲಿಲ್ಲ. ಮಣ್ಣಿನಂಗಳದ ಸದ್ದೇ ಬೇರೆ. ಆದರೂ ಬೆನ್ನು ಬಗ್ಗಿತು, ಬೆವರು ಬಂತು, ಕಣ್ಣಿನಿಂದಲೂ ನೀರು ಬಂತು.

ಈಗ ನಮ್ಮಲ್ಲಿ ಹರಕೆಯೆಂದರೆ ಮೊಬೈಲಿನಲ್ಲಿ ಹಣ ಕಳುಹಿಸಿ ಪ್ರಸಾದವನ್ನು ಅಂಚೆಯಲ್ಲಿ ತರಿಸಿಕೊಳ್ಳುವುದು. ಹಣ ಕೊಡುವುದು ತಪ್ಪಲ್ಲ, ಗುಡಿ ನಡೆಯಬೇಕಲ್ಲ. ಆದರೆ ದೇವರ ಮುಂದೆ ಮೈ ಬಗ್ಗಿಸುವುದನ್ನೇ ಬಿಟ್ಟರೆ ಹೇಗೆ? ನಮ್ಮೂರ ಗುಡಿಯ ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ್ದಾರೆ, ಗುಡಿಸಲು ಸಂಬಳದ ಆಳಿದ್ದಾನೆ. ಸಿಮಿಯಲ್ಲಿ ಒಂದು ಕಾಲಕ್ಕೆ 20,000ಕ್ಕೂ ಹೆಚ್ಚು ಜನರಿದ್ದರಂತೆ, ಈಗ ಎರಡೂವರೆ ಸಾವಿರದಷ್ಟು. ಸ್ಪಂಜಿನ ವ್ಯಾಪಾರ ಹೋಯಿತು, ಹಡಗು ಕಟ್ಟುವವರು ಹೋದರು. ಪೊರಕೆ ತರುವವರು ಮಾತ್ರ ಇನ್ನೂ ಬರುತ್ತಿದ್ದಾರೆ. ನವೆಂಬರ್ 8ರ ಉತ್ಸವಕ್ಕೆ ದೂರ ದೂರದಿಂದ ಬರುತ್ತಾರಂತೆ.

ಹೊರಡುವಾಗ ಎಂಜಿನ್ ಸದ್ದಾಗುವವರೆಗೆ ಮಗಳ ಕೈ ಹಿಡಿದುಕೊಂಡಿದ್ದೆ. ಹಡಗು ಹೊರಟಿತು. ಊರಿಗೆ ಹೋಗಿ ತೀರಿಸಲಿ ಎಂದು ಅವನು ನನ್ನನ್ನು ಬಿಟ್ಟುಕೊಟ್ಟ ಎಂದೇ ನಾನು ತಿಳಿದಿದ್ದೇನೆ. ಅಲ್ಲಿ ಗುಡಿಸಿದ್ದನ್ನು ಅಜ್ಜಿಯ ಲೆಕ್ಕಕ್ಕೆ ಸೇರಿಸಲು ಮನಸ್ಸು ಒಪ್ಪಲಿಲ್ಲ. ಅದು ಅವನ ಸೇವೆ. ಅಮ್ಮನವರ ಏಳು ಏಳಾಗಿಯೇ ಇತ್ತು.

ಊರಿಗೆ ಬಂದು ಶುಕ್ರವಾರ ಆರಂಭಿಸಿದೆ. ಇಂಟರ್‌ಲಾಕಿನ ಆಚೆ, ಹಲಸಿನ ಮರದ ಬುಡದಲ್ಲಿ ಸ್ವಲ್ಪ ಮಣ್ಣಿನ ನೆಲ ಉಳಿದಿದೆ. ಅಲ್ಲಿ ಅದೇ ಸದ್ದು ಬಂತು. ದಿನಕ್ಕೊಂದರಂತೆ ಗುಲಗಂಜಿಗಳನ್ನು ಹೊರಗೆ ತೆಗೆದೆ. ಬಣ್ಣ ಸ್ವಲ್ಪವೂ ಮಾಸಿರಲಿಲ್ಲ. ಗುರುವಾರ ಕೊನೆಯದನ್ನು ತೆಗೆಯುವಾಗ ಚಿಕ್ಕಪ್ಪ ಪಕ್ಕದಲ್ಲಿ ಕುಳಿತಿದ್ದರು. ಅವರಿಗೀಗ ಎಂಬತ್ತರ ಹತ್ತಿರ. ಹರಕೆಯ ವಿಷಯ ಗೊತ್ತಿತ್ತು, ಏಳು ದಿನ ಬಾಕಿ ಉಳಿದದ್ದು ಗೊತ್ತಿರಲಿಲ್ಲ. ಖಾಲಿ ಭರಣಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಒಳಗೆ ಬೆರಳಾಡಿಸಿ, ಮುಚ್ಚಳ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡರು.