ಟ್ಯಾರೋನೇ ಬರೆಯಬಹುದಿತ್ತಲ್ಲ, ಇಸ್ಪೀಟಿಗೆ ಯಾಕೆ ಇಳಿದ್ರಿ?

ಭವಿಷ್ಯ ಹೇಳೋಕೆ ಬಳಸುವ ಟ್ಯಾರೋ ಎಲೆಗಳ ಚಿತ್ರಗಳ ಗುಂಗಿನಲ್ಲಿ ನಾನೊಂದು ಇಸ್ಪೀಟ್ ಕಟ್ಟು ಬರೆದಿದ್ದೇನೆ. 52 ಎಲೆ, ಜೊತೆಗೆ ಎರಡು ಜೋಕರ್. ಅದನ್ನು ಕೈಗೆ ತಗೊಂಡು ನೋಡಿದವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: "ಇಷ್ಟು ಕಷ್ಟಪಟ್ಟು ಬರೆದಿದ್ದೀರಿ, ಪೂರ್ತಿ ಟ್ಯಾರೋನೇ ಮಾಡಬಹುದಿತ್ತಲ್ಲ? ಇಸ್ಪೀಟಿಗೆ ಯಾಕೆ ಇಳಿದ್ರಿ?"

ಆ 'ಇಳಿದ್ರಿ' ಎಲ್ಲಿಂದ ಬರುತ್ತೆ ಅಂತ ನನಗೆ ಗೊತ್ತು. ನಮ್ಮಲ್ಲಿ ಇಸ್ಪೀಟ್ ಅಂದರೆ ಜೂಜು, ಮನೆ ಹಾಳು, ಪೊಲೀಸ್ ರೇಡು. ಟ್ಯಾರೋ ಅಂದರೆ ಏನೋ ಗೂಢವಾದದ್ದು, ಮೇಣದ ಬತ್ತಿ ಹಚ್ಚಿಟ್ಟು ನೋಡುವಂಥದ್ದು. ಈ ಮೇಲು ಕೀಳು ನನಗೆ ಒಪ್ಪಿಗೆಯಿಲ್ಲ. ಯಾಕೆ ಅಂದರೆ ಟ್ಯಾರೋ ಹುಟ್ಟಿದ್ದೇ ಆಡೋಕೆ.

15ನೇ ಶತಮಾನದ ಇಟಲಿ. ಮಿಲಾನ್, ಫೆರಾರಾ, ಫ್ಲಾರೆನ್ಸ್ ಕಡೆಯ ಸಿರಿವಂತರ ಮನೆಗಳಲ್ಲಿ ಒಂದು ಹೊಸ ಆಟ ಶುರುವಾಗಿತ್ತು. ಅದರ ಬಗ್ಗೆ ಸಿಕ್ಕಿರುವ ಹಳೆಯ ದಾಖಲೆ 1440ರದ್ದು. ಇಸ್ಪೀಟ್ ಎಲೆಗಳು ಯೂರೋಪಿಗೆ ಅದಕ್ಕೂ ಮೊದಲೇ, 1370ರ ದಶಕದಲ್ಲೇ ಬಂದಾಗಿತ್ತು. ಇಟಲಿಯವರು ಮಾಡಿದ್ದು ಇಷ್ಟು: ಆ ಎಲೆಗಳಿಗೆ ಚಿತ್ರ ಬಿಡಿಸಿದ 22 ಎಲೆ ಸೇರಿಸಿದರು. ಚಕ್ರವರ್ತಿ, ಸಾಮ್ರಾಜ್ಞಿ, ಸಾವು, ಸೂರ್ಯ, ಚಂದ್ರ ಎಲ್ಲ ಅದರಲ್ಲಿದ್ದರು. ಅವು ಆಟದಲ್ಲಿ ತುರುಪಿನ ಎಲೆಗಳು, ಬೇರೆಲ್ಲವನ್ನೂ ಹೊಡೆಯುವಂಥವು. ಅವುಗಳಿಂದ ಭವಿಷ್ಯ ಹೇಳಬಹುದು ಅನ್ನುವ ಮಾತು ಜೋರಾಗಿದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ. ಕೂರ್ ದ ಜೆಬೆಲಾನ್ ಎಂಬ ಪಂಡಿತ 1781ರಲ್ಲಿ ಇದು ಈಜಿಪ್ಟಿನ ಪ್ರಾಚೀನ ಜ್ಞಾನ ಅಂತ ಬರೆದ. ಅದಕ್ಕೆ ಆಧಾರವೇನೂ ಇರಲಿಲ್ಲ, ಆದರೆ ಜನ ಹಿಡಿದುಕೊಂಡರು. ಅಲ್ಲಿಯವರೆಗೆ 340 ವರ್ಷ ಇದು ಆಟವೇ ಆಗಿತ್ತು. ಫ್ರಾನ್ಸ್, ಆಸ್ಟ್ರಿಯಾದಲ್ಲಿ ಇವತ್ತಿಗೂ ಟ್ಯಾರೋ ಎಲೆ ಹಂಚಿಕೊಂಡು ಆಡುತ್ತಾರೆ.

ಹಾಗಾಗಿ ನನ್ನ ಉತ್ತರ: ನಾನು ಇಳಿದಿಲ್ಲ. ಆ ಚಿತ್ರಗಳು ಮತ್ತೆ ಆಡುವವರ ಕೈಗೆ ಬರಲಿ ಅಂತ ಬರೆದೆ. ಆಡುವವರ ಕೈಗೆ ಬರಬೇಕು ಅಂದಕೂಡಲೇ ಚಿತ್ರ ಬರೆಯುವ ರೀತಿಯೇ ಬದಲಾಗುತ್ತೆ. ನಿಜ ಹೇಳಬೇಕು ಅಂದರೆ, ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಅದೇ.

ಲೆಕ್ಕ ಸರಳ. ಟ್ಯಾರೋದಲ್ಲಿ 78 ಎಲೆ. 22 ತುರುಪು ತೆಗೆದರೆ 56, ನಾಲ್ಕು ಗುಂಪಿಗೆ 14ರಂತೆ. ಅಲ್ಲಿ ರಾಜ, ರಾಣಿ, ಸೇವಕನ ಜೊತೆ ಒಬ್ಬ ಕುದುರೆ ಸವಾರ ಇದ್ದಾನೆ. ನಾಲ್ಕು ಸವಾರರನ್ನು ಬಿಟ್ಟರೆ ನಮ್ಮ 52. ಟ್ಯಾರೋದ ಬಟ್ಟಲು ಗುಂಪು ಆಟೀನ್ ಆಗುತ್ತೆ, ನಾಣ್ಯ ಡೈಮಂಡ್, ಕತ್ತಿ ಇಸ್ಪೀಟ್, ಕೋಲು ಕಳಾವರ್. ತುರುಪುಗಳನ್ನು ಎಲ್ಲಿ ಕೂರಿಸೋದು ಅನ್ನೋದೇ ತಲೆನೋವು. ನಾನು ಟ್ಯಾರೋದ ರಾಜ ರಾಣಿಯರನ್ನು ಪೂರ್ತಿ ಕೈಬಿಟ್ಟು, ಆ ಜಾಗಕ್ಕೆ ಹನ್ನೆರಡು ತುರುಪು ತಂದೆ. ಚಕ್ರವರ್ತಿ ಡೈಮಂಡ್ ರಾಜ. ರಾಣಿಯರಂತೂ ಕಾಯುತ್ತಾ ಕೂತಿದ್ದರು: ಸಾಮ್ರಾಜ್ಞಿ, ಮಹಾ ಅರ್ಚಕಿ, ನ್ಯಾಯ, ಶಕ್ತಿ. ನ್ಯಾಯದ ಕೈಯಲ್ಲಿ ಮೊದಲೇ ಕತ್ತಿ ಇದೆ, ಅವಳು ಇಸ್ಪೀಟ್ ರಾಣಿಯಲ್ಲದೆ ಇನ್ಯಾರು? ಮಂತ್ರವಾದಿ ಕೋಲು ಎತ್ತಿ ನಿಂತಿರುತ್ತಾನೆ, ಅವನು ಕಳಾವರ್ ಗುಲಾಮ. ಜೋಕರ್ ಎರಡಕ್ಕೆ ತುರುಪಿನ ಮೊದಲನೆಯವನು ಮತ್ತು ಕೊನೆಯದು, ಅಂದರೆ ಮರುಳ ಮತ್ತು ಲೋಕ. ಮರುಳನೇ ಜೋಕರ್‌ನ ಅಜ್ಜ ಅಂತ ಅನೇಕರು ಹೇಳುತ್ತಾರೆ, ಅದು ನಿಜವಲ್ಲ. ಜೋಕರ್ ಬಂದಿದ್ದು 1860ರ ದಶಕದಲ್ಲಿ, ಅಮೆರಿಕದಲ್ಲಿ, ಯೂಕರ್ ಅನ್ನೋ ಆಟಕ್ಕೆ. ಆದರೂ ಇಬ್ಬರನ್ನು ಒಂದೇ ಎಲೆಯಲ್ಲಿ ನಿಲ್ಲಿಸಿದರೆ ತಪ್ಪೇನಿಲ್ಲ ಅಲ್ವಾ.

ಈಗ ಬರುತ್ತೆ ನೋಡಿ ಅಸಲಿ ಜಗಳ. ಟ್ಯಾರೋದಲ್ಲಿ ಎಲೆ ಉಲ್ಟಾ ಬಂದರೆ ಅದಕ್ಕೆ ಬೇರೆ ಅರ್ಥ ಹೇಳುತ್ತಾರೆ. ಇಸ್ಪೀಟಿನಲ್ಲಿ ಉಲ್ಟಾ ಅನ್ನೋದೇ ಇರಬಾರದು. 19ನೇ ಶತಮಾನಕ್ಕೆ ಮುಂಚೆ ರಾಜ ರಾಣಿಯರನ್ನು ಹೆಚ್ಚಾಗಿ ತಲೆಯಿಂದ ಕಾಲಿನವರೆಗೆ ಒಂದೇ ದಿಕ್ಕಿಗೆ ಬರೆಯುತ್ತಿದ್ದರು. ಕೈಗೆ ಉಲ್ಟಾ ಬಂದ ರಾಜನನ್ನು ಆಟಗಾರ ನೆಟ್ಟಗೆ ತಿರುಗಿಸಿಕೊಂಡರೆ ಸಾಕು, ಇವನ ಹತ್ತಿರ ದೊಡ್ಡ ಎಲೆ ಇದೆ ಅಂತ ಎದುರಿನವನಿಗೆ ಗೊತ್ತಾಗುತ್ತಿತ್ತು. ಅದಕ್ಕೇ ಎರಡು ತಲೆಯ ರಾಜ ಬಂದ, ಮೇಲೊಂದು ಅರ್ಧ, ಕೆಳಗೊಂದು ಅರ್ಧ. ನನಗೆ ಇದು ದೊಡ್ಡ ಅಡ್ಡಿ ಅನ್ನಿಸಿತ್ತು. ಸೊಂಟಕ್ಕೆ ಕತ್ತರಿಸಿದರೆ ಶಕ್ತಿಯ ಕಾಲಡಿಯ ಸಿಂಹ ಎಲ್ಲಿ ಹೋಗಬೇಕು? ಅದನ್ನು ಅವಳ ತೋಳಿನ ಮಟ್ಟಕ್ಕೆ ಎತ್ತಿದೆ.

ಆದರೆ ಈ ನಿಯಮಕ್ಕಾಗಿಯೇ ಹುಟ್ಟಿದಂತಿರುವ ಒಬ್ಬನಿದ್ದಾನೆ, ತಲೆಕೆಳಗಾಗಿ ನೇತಾಡುವವನು. ಹನ್ನೆರಡನೇ ತುರುಪು. ಮರದ ತೊಲೆಗೆ ಒಂದು ಕಾಲು ಕಟ್ಟಿ ತೂಗುಬಿಟ್ಟಿರುತ್ತಾರೆ, ಇನ್ನೊಂದು ಕಾಲು ಮಡಿಚಿಕೊಂಡಿರುತ್ತೆ. ಮುಖದಲ್ಲಿ ನೋವಿಲ್ಲ, ತಲೆಯ ಸುತ್ತ ಪ್ರಭೆ. ಅವನನ್ನು ಆಟೀನ್ ಗುಲಾಮ ಮಾಡಿದೆ. ತೊಲೆಯನ್ನು ಎಲೆಯ ನಟ್ಟನಡುವೆ ಅಡ್ಡಕ್ಕೆ ಹಾಕಿದೆ. ಕೆಳಗಿನ ಅರ್ಧದಲ್ಲಿ ಅವನು ಆ ತೊಲೆಯಿಂದ ನೇತಾಡುತ್ತಿದ್ದಾನೆ. ಅದೇ ಚಿತ್ರ ತಿರುಗಿ ಮೇಲಿನ ಅರ್ಧಕ್ಕೆ ಬಂದಾಗ, ಅದೇ ತೊಲೆಯ ಮೇಲೆ ಒಂಟಿ ಕಾಲಲ್ಲಿ ನಿಂತು ಕುಣಿಯುತ್ತಿರುವಂತೆ ಕಾಣುತ್ತಾನೆ. ಒಂದು ಗೆರೆಯನ್ನೂ ಬದಲಿಸಿಲ್ಲ. ಎಲೆಯನ್ನು ಹೇಗೆ ಹಿಡಿದರೂ ಒಬ್ಬ ನೇತಾಡುತ್ತಾನೆ, ಒಬ್ಬ ಕುಣಿಯುತ್ತಾನೆ. ಪೂರ್ತಿ ಟ್ಯಾರೋ ಮಾಡಿದ್ದರೆ ಈ ಚಿತ್ರ ನನಗೆ ಹೊಳೆಯುತ್ತಲೇ ಇರಲಿಲ್ಲ.

ಹಿಂಬದಿಗೂ ಇದೇ ನಿಯಮ. ಬೆನ್ನಿನ ಚಿತ್ರ ತಿರುಗಿಸಿದಾಗ ಒಂಚೂರು ಬೇರೆ ಕಂಡರೂ ಅದು ಗುರುತು ಹಾಕಿದ ಎಲೆ. ಅಲ್ಲಿಗೆ ಅದೃಷ್ಟಚಕ್ರ ಕೂತಿತು, ಎಂಟು ಕಡ್ಡಿಯದ್ದು. ಚಕ್ರಕ್ಕೆ ಮೇಲೂ ಇಲ್ಲ, ಕೆಳಗೂ ಇಲ್ಲ.

ಇನ್ನು ಅಂಕಿ ಎಲೆಗಳು. ಇಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಬಗ್ಗೆ ಹೇಳಲೇಬೇಕು. ಜಗತ್ತಿನಲ್ಲಿ ಇವತ್ತು ಟ್ಯಾರೋ ಅಂದಾಗ ಕಣ್ಣ ಮುಂದೆ ಬರುವ ಚಿತ್ರಗಳು ಹೆಚ್ಚಾಗಿ ಅವಳವು. 1909ರಲ್ಲಿ ಲಂಡನ್ನಿನಲ್ಲಿ ಗೂಢವಿದ್ಯೆಯ ಲೇಖಕ ಆರ್ಥರ್ ಎಡ್ವರ್ಡ್ ವೇಟ್ ಹೇಳಿ ಬರೆಸಿದ, ವಿಲಿಯಂ ರೈಡರ್ ಕಂಪನಿ ಅಚ್ಚು ಹಾಕಿತು. ಅವಳಿಗೆ ಮುಂಚಿನ ಹೆಚ್ಚಿನ ಕಟ್ಟುಗಳಲ್ಲಿ ಐದು ಬಟ್ಟಲಿನ ಎಲೆ ಅಂದರೆ ಐದು ಬಟ್ಟಲು, ಅಷ್ಟೇ. ಇವಳು ಅಲ್ಲಿ ಕಪ್ಪು ನಿಲುವಂಗಿ ಹೊದ್ದು ತಲೆ ತಗ್ಗಿಸಿದ ಮನುಷ್ಯನನ್ನು ನಿಲ್ಲಿಸಿದಳು, ಅವನ ಮುಂದೆ ಉರುಳಿದ ಮೂರು ಬಟ್ಟಲು, ಬೆನ್ನ ಹಿಂದೆ ಉಳಿದ ಎರಡು. ಅಂಕಿ ಎಲೆಗಳಿಗೆಲ್ಲ ಹೀಗೆ ಒಂದೊಂದು ದೃಶ್ಯ. ಅವಳು ನಾಟಕದ ರಂಗಸಜ್ಜಿಕೆಯಲ್ಲಿ ಕೆಲಸ ಮಾಡಿದವಳು, ಅದು ಪ್ರತಿ ಎಲೆಯಲ್ಲೂ ಕಾಣುತ್ತೆ. ಆ ಕೆಲಸ ಮುಗಿದ ಮೇಲೆ ಫೋಟೋಗ್ರಾಫರ್ ಆಲ್ಫ್ರೆಡ್ ಸ್ಟೀಗ್ಲಿಟ್ಜ್‌ಗೆ ಪತ್ರ ಬರೆದು, ದೊಡ್ಡ ಕೆಲಸ ಮುಗಿಸಿದೆ, ಸಿಕ್ಕ ದುಡ್ಡು ಮಾತ್ರ ತೀರಾ ಕಮ್ಮಿ ಅಂದಿದ್ದಳು. 1951ರಲ್ಲಿ ಬಡತನದಲ್ಲೇ ತೀರಿಕೊಂಡಳು. ಎಷ್ಟೋ ಕಾಲ ಆ ಕಟ್ಟನ್ನು ರೈಡರ್ ವೇಟ್ ಅಂತಲೇ ಕರೆದರು, ಬರೆದವಳ ಹೆಸರೇ ಇಲ್ಲ. ನನಗೆ ಇದು ಇವತ್ತಿಗೂ ಸಂಕಟ ಕೊಡುತ್ತೆ. ಇಂಗ್ಲೆಂಡಿನಲ್ಲಿ ಹಿಂದೆ ಇಸ್ಪೀಟ್ ಎಕ್ಕದ ಮೇಲೆ ತೆರಿಗೆಯ ಮುದ್ರೆ ಇರುತ್ತಿತ್ತು, ಕಟ್ಟು ಮಾಡಿದವರ ಹೆಸರೂ ಅಲ್ಲೇ. ನನ್ನ ಇಸ್ಪೀಟ್ ಎಕ್ಕದಲ್ಲಿ ಇರುವುದು ಪಮೇಲಾ ಹೆಸರು. (ಕಾಪಿರೈಟ್ ಬಗ್ಗೆ ಕೇಳುವವರಿಗೆ: ಭಾರತದಲ್ಲಿ ಕಲಾವಿದರು ತೀರಿಕೊಂಡ ವರ್ಷದಿಂದ 60 ವರ್ಷ. ಅವಳ ಚಿತ್ರಗಳು 2012ರಿಂದ ಇಲ್ಲಿ ಎಲ್ಲರ ಸ್ವತ್ತು. ಆದರೂ ನಾನು ನಕಲು ಮಾಡಿಲ್ಲ, ಎಲ್ಲ ಹೊಸದಾಗಿ ಬರೆದದ್ದು.)

ದೃಶ್ಯ ಬೇಕು, ಆದರೆ ಆಡುವವನಿಗೆ ಎಂಟೋ ಒಂಬತ್ತೋ ಅಂತ ಎಣಿಸದೆ ಗೊತ್ತಾಗಬೇಕು. ಗುರುತುಗಳನ್ನು ಮನಸ್ಸಿಗೆ ಬಂದಲ್ಲಿ ಚೆಲ್ಲಿ, ಅವನ್ನೇ ಮುಖ, ಟೋಪಿ, ಹೂವು ಮಾಡಿ ಬರೆದ ಇಸ್ಪೀಟ್ ಕಟ್ಟುಗಳು 19ನೇ ಶತಮಾನದ ಶುರುವಿನಲ್ಲೇ ಇದ್ದವು. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಕೋಟಾ ಎಂಬ ಪ್ರಕಾಶಕ 1805ರ ವರ್ಷಕ್ಕೆ ಅಂಥದ್ದೊಂದನ್ನು ಹೊರತಂದಿದ್ದ. ನೋಡಲು ಬಲು ಚೆಂದ, ಆಡಲು ಕಷ್ಟ. ನಾನು ಗುರುತುಗಳನ್ನು ಮಾಮೂಲಿ ಜಾಗದಿಂದ ಅಲ್ಲಾಡಿಸಲಿಲ್ಲ. ಅವುಗಳ ನಡುವಿನ ಖಾಲಿ ಜಾಗದಲ್ಲಿ ಮಾತ್ರ ಕತೆ. ಆಟೀನ್ ಎಂಟರಲ್ಲಿ ನಟ್ಟನಡುವೆ ಒಂದು ಸಣ್ಣ ಕಿಂಡಿ ಸಿಗುತ್ತೆ. ಪಮೇಲಾ ಬರೆದ, ಎಲ್ಲ ಬಟ್ಟಲು ಬಿಟ್ಟು ರಾತ್ರಿ ಹೊರಟುಹೋಗುವ ಆಸಾಮಿ ಅಲ್ಲೇ ನಡೆದು ಹೋಗುತ್ತಿದ್ದಾನೆ.

ಹೆಚ್ಚು ಕಾಡಿದ್ದು ಇಸ್ಪೀಟ್ ಮೂರು. ಟ್ಯಾರೋದಲ್ಲಿ ಅದು ಕೆಂಪು ಹೃದಯಕ್ಕೆ ಮೂರು ಕತ್ತಿ ಚುಚ್ಚಿರುವ ಚಿತ್ರ. ಪಮೇಲಾಗೂ ಅದು ಬಂದಿದ್ದು ಹಳೆಯ ಕಟ್ಟಿನಿಂದಲೇ, ಸೋಲಾ ಬುಸ್ಕಾ ಎಂಬ 15ನೇ ಶತಮಾನದ ಇಟಾಲಿಯನ್ ಟ್ಯಾರೋದಿಂದ. ಅದರ ಫೋಟೋಗಳು 1907ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಬಂದಿದ್ದವು. ಆದರೆ ಇಸ್ಪೀಟ್ ಎಲೆಯಲ್ಲಿ ಕೆಂಪು ಹೃದಯ ಬರೆದರೆ ಏನಾಗುತ್ತೆ? ಆಡುವವನ ಕಣ್ಣು ಅದನ್ನು ಆಟೀನ್ ಅಂತಲೇ ಓದುತ್ತೆ. ಬೂದು ಬಣ್ಣ ಹಾಕಿ ನೋಡಿದೆ, ಆಗಲೂ ಆಟೀನ್ ಆಕಾರವೇ. ಕೊನೆಗೆ ಹೃದಯವನ್ನೇ ತೆಗೆದೆ. ಮೂಲ ಚಿತ್ರದ ಹಿನ್ನೆಲೆಯಲ್ಲಿ ಮೋಡ ಇದೆ, ಓರೆಯಾಗಿ ಸುರಿಯುವ ಮಳೆ ಇದೆ. ಅದನ್ನಷ್ಟೇ ಉಳಿಸಿದೆ. ಮೂರು ಇಸ್ಪೀಟ್ ಗುರುತು, ಸುತ್ತ ಮಳೆ. ಇಡೀ ಕಟ್ಟಿನಲ್ಲಿ ನನಗೆ ಅತಿ ಇಷ್ಟವಾದ ಎಲೆ ಇದು.

"ಗಂಜೀಫಾ ಬಿಟ್ಟು ಇಟಲಿಗೆ ಯಾಕೆ ಹೋದ್ರಿ" ಅಂತ ಕೇಳುವ ಮೈಸೂರಿನವರೂ ಇದ್ದಾರೆ. ಗಂಜೀಫಾ, ಅಂದರೆ ನಮ್ಮ ಹಳೆಯ ಎಲೆಯಾಟ, ಅದನ್ನು ಬಿಟ್ಟಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ್ ತಾವೇ ಹೊಸ ಹೊಸ ಎಲೆಯಾಟ ಕಟ್ಟಿದವರು. ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಅವುಗಳ ವಿವರವಿದೆ, ಒಂದರಲ್ಲಂತೂ 360 ಎಲೆ. ದೇವರ ಚಿತ್ರ ಇರುವ ಎಲೆಯನ್ನು ಹಿಡಿದು ಆಡುವುದರಲ್ಲಿ ಅವರಿಗೆ ಯಾವ ಕೀಳೂ ಕಂಡಿರಲಿಲ್ಲ. ಗಂಜೀಫಾದಲ್ಲಿ ಪ್ರತಿ ಗುಂಪಿಗೂ ಒಂದೊಂದು ನೆಲದ ಬಣ್ಣ ಇರುತ್ತೆ, ದೂರದಿಂದಲೇ ಯಾವ ಗುಂಪು ಅಂತ ತಿಳಿಯುತ್ತೆ. ಆ ಉಪಾಯ ತಗೊಂಡೆ. ನನ್ನ ಎಲೆಗಳ ಅಂಚಿನ ಪಟ್ಟಿಗೆ ನಾಲ್ಕು ಬೇರೆ ಬಣ್ಣ ಇರುವುದು ಅದಕ್ಕೇ.

ಅಳತೆ ಕೇಳುವವರಿಗೆ: ಟ್ಯಾರೋ ಎಲೆ ಸುಮಾರು 70 ಮಿಮೀ ಅಗಲ, 120 ಮಿಮೀ ಉದ್ದ. ನನ್ನದು 57, 89. ಜಾಗ ಐದರಲ್ಲಿ ಮೂರು ಪಾಲಷ್ಟೇ. ನಾವು ಜಾಸ್ತಿ ಆಡೋದು ರಮ್ಮಿ, ಕೈಯಲ್ಲಿ 13 ಎಲೆ, ಅಗಲ ಜಾಸ್ತಿಯಾದರೆ ಹಿಡಿಯೋಕಾಗಲ್ಲ. ಬಿಚ್ಚಿ ಹಿಡಿದಾಗ ಕಾಣೋದು ಎಡಗಡೆಯ ಒಂದು ಸೆಂಟಿಮೀಟರ್ ಚಿಲ್ಲರೆ, ಅಲ್ಲಿ ಅಂಕಿ ಮತ್ತು ಗುರುತು ಬಿಟ್ಟು ಬೇರೇನೂ ಇರಬಾರದು. ಕಾಗದ ಎರಡು ಪದರದ್ದು, ನಡುವೆ ಕಪ್ಪು ಅಂಟು, ಬೆಳಕಿಗೆ ಹಿಡಿದರೂ ಆಚೆಯದು ಕಾಣದು.

ಕೊನೆಗೆ ಇನ್ನೊಂದು ಮಾತು. ಟ್ಯಾರೋ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಎಲೆಗಳ ಅರ್ಥ ಹೇಳುವ ಪುಟ್ಟ ಪುಸ್ತಕ ಇರುತ್ತೆ. ನನ್ನ ಪೆಟ್ಟಿಗೆಯಲ್ಲೂ ಒಂದು ಚೀಟಿ ಇದೆ, ಅದರಲ್ಲಿರುವುದು ಕತ್ತೆ, ರಮ್ಮಿ ಮತ್ತು 28ರ ನಿಯಮ. ಕೇರಳದಲ್ಲಿ, ನಮ್ಮ ಕರಾವಳಿ ಕಡೆಯೂ ಆಡುವ ಈ 28ರಲ್ಲಿ ರಾಜ ರಾಣಿಯರಿಗೆ ಒಂದು ಪಾಯಿಂಟೂ ಇಲ್ಲ. ಗುಲಾಮನಿಗೆ ಮೂರು, ಅವನೇ ಎಲ್ಲರಿಗಿಂತ ದೊಡ್ಡವನು. ಆಟೀನ್ ತುರುಪಾದರೆ ನೇತಾಡುವವನು ಚಕ್ರವರ್ತಿಯನ್ನೂ ಹೊಡೆಯುತ್ತಾನೆ. ಆಡಿ ನೋಡಿ.